ಮಗುವಿನ ತಟ್ಟೆಗೆ ಹೊಣೆ ಯಾರು?

ದುಡಿಯುವವನಿಗೆ ಸಕ್ಕರೆ ಕಾಯಿಲೆ ಬಂದರೆ ಬುದ್ಧಿ ಹೇಳುವವರಿಗೆ ಬರವಿಲ್ಲ. "ಅನ್ನ ಕಡಿಮೆ ಮಾಡು, ಬೆಳಿಗ್ಗೆ ಎದ್ದು ನಡಿ, ಬಾಯಿ ಕಟ್ಟು" ಎಂಬುದು ಎಲ್ಲರ ಬಾಯಲ್ಲೂ ಇರುವ ಮಂತ್ರ. ಎಣ್ಣೆ ಗಿರಣಿಯಲ್ಲಿ ಹಗಲೆಲ್ಲ ಕಡಲೆಕಾಯಿ ಮೂಟೆ ಹೊತ್ತವನಿಗೆ ನಡೆಯುವುದನ್ನು ಕಲಿಸಲು ಬರುವ ಮಹನೀಯರನ್ನು ಕಂಡು ನಮಗೆ ನಗು ಬರುತ್ತದೆ. ಆದರೆ ಕಾಲಿನ ಹುಣ್ಣು ಮಾಯದೆ, ನಲವತ್ತು ದಾಟುತ್ತಲೇ ಕೆಲಸ ಬಿಟ್ಟು ಜಗಲಿಯ ಮೇಲೆ ಕುಳಿತವನ ಮನೆಯೊಳಗೆ ಒಮ್ಮೆ ಹೋಗಿಬಂದರೆ ಆ ನಗು ಉಳಿಯುವುದಿಲ್ಲ.

ಇದು ಶ್ರೀಮಂತರ ರೋಗ, ಕುಳಿತು ತಿನ್ನುವವರ ರೋಗ ಎಂಬ ಮಾತಿನ ಕಾಲ ಮುಗಿಯಿತು. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದೂ, ಇನ್ನು 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಇಷ್ಟು ಜನರೂ ಕುಳಿತು ತಿಂದವರೇ? ಇವರೆಲ್ಲರೂ ಬಾಯಿ ಚಪಲದವರೇ? ನಾವು ಒಪ್ಪುವುದಿಲ್ಲ. ರೋಗ ಕಾಣುವುದು ನಲವತ್ತರಲ್ಲಿ, ನಿಜ. ಅದರ ಬೀಜ ಬೀಳುವುದು ಎಷ್ಟೋ ಸಲ ತಾಯಿಯ ಹೊಟ್ಟೆಯಲ್ಲಿ, ಅಂಗನವಾಡಿಯಲ್ಲಿ, ಶಾಲೆಯ ಗೇಟಿನ ಮುಂದೆ.

ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಮೇಷ್ಟ್ರಾಗಿದ್ದವರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಸೀಮೆಸುಣ್ಣ ಹಿಡಿದವರು. ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗನೊಬ್ಬ ತಲೆ ತಿರುಗಿ ಬಿದ್ದರೆ ಎತ್ತಿ ಕೂರಿಸಿ, "ಏನು ತಿಂದು ಬಂದ್ಯಪ್ಪಾ?" ಎಂದು ಕೇಳುತ್ತಿದ್ದೆವು. "ಟೀ ಕುಡಿದೆ ಸಾ" ಎನ್ನುತ್ತಿದ್ದ. ತಂದೆ ಗಿರಣಿಗೆ, ತಾಯಿ ಗಾರ್ಮೆಂಟ್ಸ್ ವ್ಯಾನಿಗೆ ಹೊತ್ತು ಮೂಡುವ ಮೊದಲೇ ಹೊರಟಿರುವಾಗ ಒಲೆ ಹಚ್ಚುವವರು ಯಾರು? ಮಗುವಿನ ಕೈಗೆ ಐದು ರೂಪಾಯಿ ಕೊಟ್ಟು ಹೋಗಿರುತ್ತಾರೆ. ಆ ಐದು ರೂಪಾಯಿಗೆ ಬರುವುದು ಬಣ್ಣದ ಪೊಟ್ಟಣ. ಅದರೊಳಗೆ ಹಿಟ್ಟು, ಉಪ್ಪು, ಸಕ್ಕರೆ, ಅಗ್ಗದ ಎಣ್ಣೆ. ಐದಾರು ವರ್ಷಕ್ಕೆ ಹತ್ತಿದ ನಾಲಗೆಯ ರುಚಿ ಐವತ್ತಕ್ಕೂ ಬಿಡದೆಂಬುದನ್ನು ಆ ಪೊಟ್ಟಣ ಮಾಡುವ ಕಂಪೆನಿ ನಮಗಿಂತ ಚೆನ್ನಾಗಿ ಬಲ್ಲದು.

ಇದು ಪಕ್ಷದವರ ಭಾಷಣ ಎಂದು ತಳ್ಳಿಹಾಕುವವರು ಮೂರು ಊರುಗಳ ಲೆಕ್ಕವನ್ನು ಕೇಳಬೇಕು.

ಮೊದಲನೆಯದು ನಮ್ಮ ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಶಿಶುಗಳ ತೂಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ವೈದ್ಯರು ಹೀಗೆ ಹುಟ್ಟಿದವರಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ರೋಗವಿತ್ತು. ಮೂರು ಕಿಲೋಗಿಂತ ಚೆನ್ನಾಗಿ ಮೇಲೆ ತೂಗಿದವರಲ್ಲಿ ನೂರಕ್ಕೆ 3 ಜನಕ್ಕೆ ಮಾತ್ರ. ಇದು 1996ರಲ್ಲಿ ಪ್ರಕಟವಾಯಿತು. ಬಸುರಿಯ ತಟ್ಟೆ ಬರಿದಾದರೆ ಮಗನ ಎದೆ ನೋಯುತ್ತದೆ ಎಂಬುದೇ ಇದರ ಒಟ್ಟು ಅರ್ಥ.

ಎರಡನೆಯದು ಬ್ರಿಟನ್. ಯುದ್ಧಕಾಲದಿಂದ ಅಲ್ಲಿ ಸಕ್ಕರೆಗೆ ಪಡಿತರವಿತ್ತು. 1953ರ ಸೆಪ್ಟೆಂಬರಿನಲ್ಲಿ ಅದು ರದ್ದಾಯಿತು, ಜನ ತಿನ್ನುವ ಸಕ್ಕರೆ ಬೇಗನೆ ಸುಮಾರು ಎರಡರಷ್ಟಾಯಿತು. ಪಡಿತರದ ಕಾಲದಲ್ಲಿ ಬಸುರಾಗಿದ್ದ ತಾಯಂದಿರ ಮಕ್ಕಳನ್ನೂ, ಆಮೇಲೆ ಹುಟ್ಟಿದವರನ್ನೂ ಹೋಲಿಸಿದ ಲೆಕ್ಕ 2024ರಲ್ಲಿ ಹೊರಬಂದಿದೆ. ಗರ್ಭದಿಂದ ಎರಡು ವರ್ಷದವರೆಗಿನ ಸಾವಿರ ದಿನ ಸಕ್ಕರೆ ಮಿತಿಯಲ್ಲಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಶೇಕಡಾ 35ರಷ್ಟು, ರಕ್ತದೊತ್ತಡದ ಅಪಾಯ ಶೇಕಡಾ 20ರಷ್ಟು ಕಡಿಮೆ. ಇವರೇನು ಬಾಯಿ ಕಟ್ಟಿದ ಯೋಗಿಗಳಲ್ಲ. ಸರ್ಕಾರದ ಒಂದು ಕಾನೂನು ಅವರನ್ನು ಕಾಯಿತು, ಅಷ್ಟೆ.

ಮೂರನೆಯದು ಹೈದರಾಬಾದಿನ ಸುತ್ತಲಿನ ಹಳ್ಳಿಗಳು. ಅಲ್ಲಿ 1987ರಿಂದ 1990ರವರೆಗೆ ಕೆಲವು ಹಳ್ಳಿಗಳ ಬಸುರಿಯರಿಗೂ ಎಳೆಯ ಮಕ್ಕಳಿಗೂ ಬಾಲವಾಡಿಯ ಮೂಲಕ ಪೂರಕ ಆಹಾರ ಕೊಟ್ಟರು. ಪಕ್ಕದ ಹಳ್ಳಿಗಳಿಗೆ ಆಗಿನ್ನೂ ಯೋಜನೆ ಬಂದಿರಲಿಲ್ಲ. ಮಕ್ಕಳು ಹದಿಹರೆಯಕ್ಕೆ ಬಂದಾಗ ಪರೀಕ್ಷಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಹಾರ ದೊರೆತ ಹಳ್ಳಿಯ ಮಕ್ಕಳು ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರವಿದ್ದರು. ಅವರ ಮೈಯಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು, ರಕ್ತನಾಳಗಳು ಹೆಚ್ಚು ಮೃದುವಾಗಿದ್ದವು. ಬಡವರ ಮಕ್ಕಳಿಗೆ ಸರ್ಕಾರ ಹಾಕಿದ ಊಟ ದಂಡವಾಯಿತೆನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಇದು ನಡೆಯುವ ಬಗೆ ಕಷ್ಟದ್ದೇನಲ್ಲ. ಎಳವೆಯಲ್ಲಿ ಬೇಳೆ, ಮೊಟ್ಟೆ, ಹಾಲು ಸಾಲದ ಮೈ ಸ್ನಾಯು ಕಟ್ಟಿಕೊಳ್ಳುವುದಿಲ್ಲ. ಊಟದ ಸಕ್ಕರೆಯನ್ನು ಉರಿಸಿ ಬಳಸುವುದು ಮುಖ್ಯವಾಗಿ ಸ್ನಾಯುವೇ. ಅಂಥ ಮೈಗೆ ಆಮೇಲೆ ಬರೀ ಪಾಲಿಷ್ ಅಕ್ಕಿ, ಮೈದಾ, ಸಕ್ಕರೆ ಸುರಿದರೆ ಅದು ಹೊಟ್ಟೆಯ ಸುತ್ತ ಕೊಬ್ಬಾಗಿ ಕೂರುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಬಾಲ್ಯದ ಹಸಿವೂ ಆಮೇಲಿನ ಪೊಟ್ಟಣವೂ ಸೇರಿ ಒಂದೇ ರೋಗವನ್ನು ಹುಟ್ಟಿಸುತ್ತವೆ.

ಈಗ ನಮ್ಮ ಸೀಮೆಯನ್ನೇ ನೋಡಿ. ಇದು ಬರದ ನಾಡೆಂದು ಹೆಸರಾದರೂ ಬರಗೆಟ್ಟ ನಾಡಲ್ಲ. ರಾಗಿ, ಸಾಮೆ, ನವಣೆ, ಹುರುಳಿ, ಅವರೆ, ತೊಗರಿ, ಕಡಲೆಕಾಯಿ ಎಲ್ಲ ಇಲ್ಲಿಯ ಮಣ್ಣಿನವು. ನೂರು ಗ್ರಾಂ ರಾಗಿಯಲ್ಲಿ ನಾರಿನ ಅಂಶ ಸುಮಾರು 11 ಗ್ರಾಂ. ಪಾಲಿಷ್ ಅಕ್ಕಿಯಲ್ಲಿ ಅದು 3 ಗ್ರಾಮನ್ನೂ ಮುಟ್ಟುವುದಿಲ್ಲ. ಮುದ್ದೆ ತಿಂದವನಿಗೆ ಸಕ್ಕರೆ ಕಾಯಿಲೆಯೇ ಬಾರದೆಂದು ನಾವು ಹೇಳುವುದಿಲ್ಲ, ಅದು ಸುಳ್ಳು. ಮುದ್ದೆಯ ಜೊತೆಗೆ ಹುರುಳಿ ಸಾರು, ಬಸ್ಸಾರಿನ ಸೊಪ್ಪು, ಒಂದು ಮೊಟ್ಟೆ, ಒಂದು ಲೋಟ ಮಜ್ಜಿಗೆ ಮಗುವಿಗೆ ಸಿಕ್ಕರೆ ಮೈ ಸರಿಯಾಗಿ ಕಟ್ಟಿಕೊಳ್ಳುತ್ತದೆ ಎನ್ನುತ್ತೇವೆ. ಆದರೆ ರಾಗಿ ಬೆಳೆದವನ ಮಗನ ಶಾಲಾ ತಟ್ಟೆಗೆ ಬಹುಪಾಲು ದಿನ ಬೀಳುವುದು ಎಲ್ಲಿಂದಲೋ ಬಂದ ಅಕ್ಕಿಯ ಅನ್ನ ಮತ್ತು ತೆಳ್ಳಗಿನ ಸಾಂಬಾರು.

ಸಾಂಬಾರು ತೆಳ್ಳಗಿರುವುದು ಅಡುಗೆಯ ಅಕ್ಕಂದಿರ ತಪ್ಪಲ್ಲ. 2025ರ ಮೇ 1ರಿಂದ ಕೇಂದ್ರ ಸರ್ಕಾರ ಗೊತ್ತುಮಾಡಿದ ದರದಂತೆ ಐದನೆಯ ತರಗತಿಯವರೆಗಿನ ಒಂದು ಮಗುವಿನ ಒಂದು ಹೊತ್ತಿನ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಉರುವಲು ಎಲ್ಲಕ್ಕೂ ಸೇರಿ 6 ರೂಪಾಯಿ 78 ಪೈಸೆ! ತರಕಾರಿ ಅಂಗಡಿಯ ಬಂಧುಗಳೇ, ಈ ದುಡ್ಡಿಗೆ ನೀವು ಏನನ್ನು ತೂಗಿ ಕೊಡಬಲ್ಲಿರಿ? ಅಡುಗೆಯವರಿಗೆ ಕೊಡುವುದನ್ನು ಸಂಬಳವೆಂದೂ ಕರೆಯದೆ ಗೌರವಧನವೆನ್ನುತ್ತಾರೆ. ಧನವೂ ಇಲ್ಲ, ಗೌರವವೂ ಇಲ್ಲ.

ಮೊಟ್ಟೆಯ ಕಥೆಯನ್ನೂ ಹೇಳಬೇಕು. ಶಾಲೆಯಲ್ಲಿ ಮೊಟ್ಟೆ ಕೊಡಬಾರದೆಂದು ನಮ್ಮ ರಾಜ್ಯದಲ್ಲಿ ವರ್ಷಗಟ್ಟಲೆ ಗದ್ದಲವೆಬ್ಬಿಸಿದವರು ಹಸಿದ ಮಗುವಿನ ತಂದೆತಾಯಿಗಳಲ್ಲ, ತಮ್ಮ ಮಕ್ಕಳನ್ನು ಆ ಶಾಲೆಗೆ ಕಳಿಸುವವರೂ ಅಲ್ಲ. ಕಡೆಗೆ ಸರ್ಕಾರ ವಾರಕ್ಕೆ ಎರಡು ಕೊಟ್ಟಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಒಪ್ಪಿಕೊಂಡದ್ದರಿಂದ ವಾರಕ್ಕೆ ಆರಾಯಿತು. ಕೊಟ್ಟವರಿಗೆ ನಮಸ್ಕಾರ. ಆದರೆ ಮೂರು ವರ್ಷ ಮುಗಿದ ಮೇಲೆ ಏನು? ಬಡವರ ಮಗುವಿನ ಮೊಟ್ಟೆ ದಾನಿಯ ಮನಸ್ಸಿಗೆ ಕಟ್ಟುಬಿದ್ದಿರಬೇಕೇ? ಅದು ಹಕ್ಕಾಗಬೇಕು, ಬಜೆಟ್ಟಿನ ಪುಟದಲ್ಲಿ ಇರಬೇಕು.

ಇನ್ನು ಪೊಟ್ಟಣದ ಮಾತು. ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಅತಿಕೊಬ್ಬು, ಅತಿಸಕ್ಕರೆ, ಅತಿಉಪ್ಪಿನ ತಿನಿಸು ಮಾರಬಾರದೆಂದು 2020ರ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಇದರ ಕೋಲು ಬೀಳುವುದು ಯಾರ ಬೆನ್ನಿಗೆ? ಪೊಟ್ಟಣಕ್ಕೆ ಪೈಸೆ ಲೆಕ್ಕದಲ್ಲಿ ಲಾಭ ಕಾಣುವ ಪೆಟ್ಟಿಗೆ ಅಂಗಡಿಯ ಅಜ್ಜಿಯ ಬೆನ್ನಿಗೆ. ಕಂಪೆನಿಯಾದರೋ ಸಿನಿಮಾ ನಟರನ್ನಿಟ್ಟುಕೊಂಡು ಟೀವಿಯಲ್ಲಿ ಅದನ್ನೇ ಮಗುವಿನ ಕಣ್ಣಿಗೆ ಹಿಡಿಯುತ್ತದೆ. ಅಜ್ಜಿ ಮಾರುವುದನ್ನು ಬಿಡಬೇಕು, ಅವರು ಮಾಡುವುದನ್ನು ಬಿಡಬೇಕಾಗಿಲ್ಲ! ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟುಗಳ ತೆರಿಗೆ ಶೇಕಡಾ 18ರಿಂದ 5ಕ್ಕೆ, ಪೊಟ್ಟಣದ ಖಾರದ ತಿನಿಸುಗಳದು 12ರಿಂದ 5ಕ್ಕೆ ಇಳಿಯಿತು. ಚಿಲಿ ದೇಶದಲ್ಲಿ 2016ರಿಂದ ಇಂಥ ಪೊಟ್ಟಣದ ಮುಖದ ಮೇಲೆಯೇ ಕಪ್ಪು ಎಚ್ಚರಿಕೆಯ ಗುರುತು ಒತ್ತಬೇಕು. ಓದು ಬಾರದವನಿಗೂ ಅದು ಅರ್ಥವಾಗುತ್ತದೆ. ನಮ್ಮ ಆಹಾರ ಪ್ರಾಧಿಕಾರ 2022ರಲ್ಲಿ ಹೊರತಂದ ಕರಡಿನಲ್ಲಿದ್ದದ್ದು ನಕ್ಷತ್ರ. ಕೆಟ್ಟ ತಿನಿಸಿಗೂ ಅರ್ಧ ನಕ್ಷತ್ರ! ನಾವು ಮೇಷ್ಟ್ರಾಗಿದ್ದಾಗ ನಪಾಸಾದವನ ಹಾಳೆಯ ಮೇಲೆ ನಕ್ಷತ್ರ ಬರೆದಿದ್ದರೆ ಊರವರು ನಮ್ಮನ್ನು ಸುಮ್ಮನೆ ಬಿಡುತ್ತಿದ್ದರೇ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಈ ನಾಲ್ಕು ತಾಲ್ಲೂಕಿನ ರೈತರಿಂದಲೇ ಬೆಂಬಲ ಬೆಲೆಗೆ ರಾಗಿ, ಹುರುಳಿ, ಕಡಲೆಕಾಯಿ ಕೊಂಡು ಅಂಗನವಾಡಿಗೂ ಶಾಲೆಗೂ ಹಾಕಲಿ. ಎರಡು, ಬೆಳಗಿನ ಬೆಲ್ಲಿಗೆ ಮುಂಚೆ ಮಗುವಿಗೆ ಹೊಟ್ಟೆ ತುಂಬ ತಿಂಡಿ ಸಿಗಲಿ. ಮೂರು, ಆರು ದಿನದ ಮೊಟ್ಟೆಗೆ ಸರ್ಕಾರವೇ ಹಣವಿಡಲಿ. ನಾಲ್ಕು, ತಟ್ಟೆಯ ದರ ಪೇಟೆಯ ದರದಂತೆ ಏರಲಿ, ಅಡುಗೆಯವರಿಗೆ ಸಂಬಳ ಸಿಗಲಿ. ಐದು, ಪೊಟ್ಟಣದ ಮೇಲೆ ಕಪ್ಪು ಗುರುತು ಬೀಳಲಿ, ಮಕ್ಕಳಿಗೆ ಹಿಡಿಯುವ ಜಾಹೀರಾತು ನಿಲ್ಲಲಿ. ಆರು, ಪೆಟ್ಟಿಗೆ ಅಂಗಡಿಯವರ ಮೇಲೆ ದಂಡ ಹಾಕುವ ಮೊದಲು ಹುರಿಗಡಲೆ, ಕಡಲೆಕಾಯಿ, ಬಾಳೆಹಣ್ಣು ಮಾರಲು ಅವರಿಗೆ ಸಾಲ ಕೊಡಲಿ.

ಗಿರಣಿಯ ಅಣ್ಣಂದಿರೇ, ಅಂಗಡಿಯ ಬಂಧುಗಳೇ, ಇದು ಹೆಂಗಸರ ಅಡುಗೆಮನೆಯ ವಿಷಯವೆಂದು ಮುಖ ತಿರುಗಿಸಬೇಡಿ. ಕೂಲಿಗಾಗಿ ಹೋರಾಡುತ್ತೀರಿ, ಸರಿ. ಗೆದ್ದ ಕೂಲಿಯೆಲ್ಲ ಮುಂದೆ ಔಷಧಿ ಅಂಗಡಿಗೇ ಹೋಗುವುದಾದರೆ ಗೆದ್ದವರು ಯಾರು? ಬರುವ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ. ತಟ್ಟೆಗೆ ಬಿದ್ದ ಬೇಳೆ ಎಷ್ಟೆಂದು ಲೆಕ್ಕ ಕೇಳಿ. ಉತ್ತರ ಬಾರದಿದ್ದರೆ ಆ ಪ್ರಶ್ನೆಯನ್ನು ತಾಲ್ಲೂಕು ಕಚೇರಿಯ ಬಾಗಿಲಿಗೆ ನಾವೆಲ್ಲರೂ ಒಟ್ಟಾಗಿ ಒಯ್ಯೋಣ.