ಅರ್ಜಿಯ ಹಿಂದಿನ ಪುಟ

ಹೋದ ವರ್ಷ ನಾನು ಬರೆದ ಒಂದು ಇಂಗ್ಲಿಷ್ ಅರ್ಜಿಯಿಂದ ನಮ್ಮ ಮನೆಗೆ 4,000 ರೂಪಾಯಿ ನಷ್ಟವಾಯಿತು. ಕಾಮರ್ಸ್ ಓದುವವರಿಗೆ ಲೆಕ್ಕ ಮೊದಲು ಹೇಳುವ ಅಭ್ಯಾಸ. ಕಥೆ ಈಗ ಹೇಳುತ್ತೇನೆ.

ನಮ್ಮ ಆಪಾ ಹುಣಸೂರಿನಲ್ಲೇ ಡಿಗ್ರಿ ಓದುತ್ತಿದ್ದಾಳೆ. ಅವಳ ಹೆಸರಿನ ಸ್ಪೆಲ್ಲಿಂಗ್ ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಎರಡು ‘ಇ’ ಇರುವಂತೆ ಇದೆ, ಇನ್ನೊಂದು ದಾಖಲೆಯಲ್ಲಿ ಒಂದು ‘ಐ’ ಇರುವಂತೆ ಇದೆ. ಇದು ಓದುವ ನಿಮ್ಮಲ್ಲಿ ಅರ್ಧ ಜನರಿಗೆ ಗೊತ್ತಿರುವ ಕಷ್ಟವೇ. ಉರ್ದು ಹೆಸರನ್ನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆಯುವಾಗ ಪ್ರತಿಯೊಬ್ಬರೂ ತಮಗೆ ತೋಚಿದಂತೆ ಬರೆಯುತ್ತಾರೆ. ಸ್ಕಾಲರ್‌ಶಿಪ್ ಅರ್ಜಿಗೆ ಎರಡೂ ಕಡೆ ಹೆಸರು ಒಂದೇ ಥರ ಇರಬೇಕು ಅಂದರು. ತಿದ್ದುಪಡಿಗೆ ಅರ್ಜಿ ಕೊಡಬೇಕಿತ್ತು. ಮನೆಯಲ್ಲಿ ಇಂಗ್ಲಿಷಿನಲ್ಲಿ ಹೆಚ್ಚು ಮಾರ್ಕ್ಸ್ ತೆಗೆಯುವುದು ನಾನು. ಆದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಬರೆದೆ. ಹೈಸ್ಕೂಲಿನ ಗೈಡಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಕೈಗೆ ಬಂತು. ‘ವಿತ್ ಡ್ಯೂ ರೆಸ್ಪೆಕ್ಟ್ ಆ್ಯಂಡ್ ಹಂಬಲ್ ಸಬ್ಮಿಷನ್ ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿದೆ. ಅಬ್ಬಾ ಮರದ ಮಿಲ್ಲಿನಲ್ಲಿ ಕೆಲಸ ಮಾಡುವುದು, ನಾವು ಮೂವರು ಮಕ್ಕಳು, ಆಪಾ ಚಿಕ್ಕಂದಿನಿಂದ ಓದಿನಲ್ಲಿ ಮುಂದು, ವಿದ್ಯೆಯೇ ಬಾಳಿನ ಬೆಳಕು, ಎಲ್ಲವನ್ನೂ ಹಾಕಿದೆ. ಪುಟ ತುಂಬಿತು. ಹೆಸರು ತಿದ್ದಿಕೊಡಿ ಎನ್ನುವ ಮಾತು ಹಾಳೆಯ ಹಿಂದಿನ ಪುಟಕ್ಕೆ ಹೋಯಿತು. ಕೊನೆಯ ದಿನಾಂಕ ಬರೆಯಲೇ ಇಲ್ಲ. ಆಪಾಳಿಗೆ ಗಟ್ಟಿಯಾಗಿ ಓದಿ ತೋರಿಸಿದೆ. ಅವಳಿಗೆ ತುಂಬ ಹಿಡಿಸಿತು. ಅಮ್ಮಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಅವರಿಗೆ ಇನ್ನೂ ಹೆಚ್ಚು ಹಿಡಿಸಿತು.

ಮೂರು ವಾರ ಬಿಟ್ಟು ಕೇಳಲು ಹೋದಾಗ ಆ ಆಫೀಸಿನವರು ಫೈಲು ತೆಗೆದು ನೋಡಿದರು. “ಏನಮ್ಮ, ಇದ್ರಲ್ಲಿ ಫೀಸ್ ಕಡಿಮೆ ಮಾಡಿ ಅಂತ ಕೇಳಿದ್ದೀರಾ? ಅದು ನಮ್ಮ ಸೆಕ್ಷನ್ ಅಲ್ವಲ್ಲ” ಅಂದರು. ನಾನು ಹಾಳೆ ತಿರುಗಿಸಿ ತೋರಿಸಿದೆ. ಅವರು ಹಿಂದಿನ ಪುಟವನ್ನು ಅಂದೇ ಮೊದಲ ಸಲ ನೋಡಿದ್ದು. ಆ ದಿನ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಪೂರ್ತಿ ಬರುವುದಿಲ್ಲ. ಅವರ ಮೇಜಿನ ಮೇಲೆ ನನ್ನದರಂಥ ಕಾಗದಗಳ ಕಟ್ಟೇ ಇತ್ತು, ಎಲ್ಲವೂ ಒಂದೇ ಸಾಲಿನಿಂದ ಶುರುವಾಗುವಂಥವು.

ಅಷ್ಟು ಹೊತ್ತಿಗೆ ಸ್ಕಾಲರ್‌ಶಿಪ್‌ನ ಕೊನೆಯ ದಿನ ದಾಟಿತ್ತು. ಫೀಸಿಗೆ ಅಬ್ಬಾ 25,000 ರೂಪಾಯಿಯ ಚೀಟಿಯನ್ನು 21,000ಕ್ಕೆ ಕೂಗಿ ಎತ್ತಿದರು. ಇನ್ನೂ ಕೆಲವು ತಿಂಗಳು ಕಾದಿದ್ದರೆ ಅದು ಹೆಚ್ಚು ಕಡಿಮೆ ಪೂರ್ತಿ ಕೈಗೆ ಬರುತ್ತಿತ್ತು. ಯಾರೂ ನನ್ನನ್ನು ಬೈಯಲಿಲ್ಲ. “ಜಾನೇ ದೋ ಬೇಟಾ” ಅಂದರು ಅಬ್ಬಾ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದಿತ್ತು. ಕರ್ನಾಟಕದಲ್ಲಿ 1963ರಿಂದ ರಾಜಭಾಷಾ ಕಾಯ್ದೆ ಇದೆ, ಕನ್ನಡ ಆಡಳಿತ ಭಾಷೆ. ನಾನು ಇಂಗ್ಲಿಷಿನಲ್ಲಿ ಬರೆದದ್ದು ರೋಬಿಗಾಗಿ. ಇಂಗ್ಲಿಷ್ ಇದ್ದರೆ ನಮ್ಮನ್ನು ಸ್ವಲ್ಪ ಕುರ್ಚಿ ಕೊಟ್ಟು ಮಾತಾಡಿಸುತ್ತಾರೆ ಎಂಬ ಆಸೆ. ಹಾಗೆಂದು ಇಂಗ್ಲಿಷ್ ಬೇಡ ಎನ್ನುವುದು ನನ್ನ ವಾದವಲ್ಲ. ಬಿ.ಕಾಂ., ಸಿ.ಎ., ಬ್ಯಾಂಕ್ ಪರೀಕ್ಷೆ, ಬೆಂಗಳೂರಿನ ಕೆಲಸ, ಎಲ್ಲಕ್ಕೂ ಅದು ಬೇಕು. ನಮಗೆ ಕಲಿಸುತ್ತಿರುವ ಇಂಗ್ಲಿಷ್ ಬರವಣಿಗೆಯಲ್ಲಿ ತೂಕ ಹೆಚ್ಚು, ವಿಷಯ ಕಡಿಮೆ ಎನ್ನುವುದು ನನ್ನ ದೂರು. ಸ್ಪಷ್ಟವಾಗಿ, ಚಿಕ್ಕದಾಗಿ ಬರೆಯುವುದನ್ನು ಒಂದು ಪಾಠವಾಗಿ ಯಾರಾದರೂ ಕೂತು ಕಲಿಸಬೇಕು.

ನಾವು ಯಾಕೆ ಉದ್ದ ಬರೆಯುತ್ತೇವೆ? ನನಗೆ ತಿಳಿದ ಮೊದಲ ಕಾರಣ ಹೆದರಿಕೆ. ಸ್ವಂತ ವಾಕ್ಯ ಬರೆದರೆ ಗ್ರಾಮರ್ ತಪ್ಪಾಗುತ್ತದೆ. ಬಾಯಿಪಾಠದ ವಾಕ್ಯದಲ್ಲಿ ತಪ್ಪಿರುವುದಿಲ್ಲ. ಹಾಗಾಗಿ ತಪ್ಪಿಲ್ಲದ ನಾಲ್ಕು ಖಾಲಿ ವಾಕ್ಯಗಳ ನಡುವೆ ನಮ್ಮ ಒಂದು ನಿಜವಾದ ವಾಕ್ಯವನ್ನು ಬಚ್ಚಿಡುತ್ತೇವೆ. ಪಿರಿಯಾಪಟ್ಟಣದಿಂದ ಬರುವ ನನ್ನ ಗೆಳತಿ ಲೀವ್ ಲೆಟರಿನಲ್ಲಿ ಯಾವಾಗಲೂ ‘ಸಫರಿಂಗ್ ಫ್ರಮ್ ಫೀವರ್’ ಎಂದೇ ಬರೆಯುತ್ತಾಳೆ. ನಿಜವಾಗಿ ಅವಳು ರಜೆ ಹಾಕಿದ್ದು ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕೆಲಸಕ್ಕೆ ಜನ ಸಾಲದೆ. ಆ ಕಾರಣವನ್ನು ಇಂಗ್ಲಿಷಿನಲ್ಲಿ ಹೇಳಲು ಅವಳಿಗೆ ವಾಕ್ಯ ಗೊತ್ತಿಲ್ಲ, ಜ್ವರಕ್ಕೆ ಗೊತ್ತಿದೆ. ಭಾಷೆ ಬಾರದ್ದಕ್ಕೆ ಸುಳ್ಳು ಹೇಳಬೇಕಾಯಿತು.

ಎರಡನೆಯ ಕಾರಣ ನಮ್ಮ ಭಾಷೆಗಳ ಜೋಡಣೆ. ಇದನ್ನು ಹೇಳಿಕೊಟ್ಟದ್ದು ನಮ್ಮ ಇಂಗ್ಲಿಷ್ ಮೇಡಂ. ಕನ್ನಡದಲ್ಲೂ ನಮ್ಮ ಮನೆಯ ಉರ್ದುವಿನಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. “ನಾಳೆ ಬರ್ತೀನಿ ಅಂತ ಹೇಳಿದ” ಅನ್ನುತ್ತೇವೆ. ನಮ್ಮ ದಖ್ಖನಿಯಲ್ಲಿ “ಕಲ್ ಆತೂಂ ಬೋಲ್ಕೆ ಬೋಲ್ಯಾ” ಅನ್ನುತ್ತೇವೆ. ನೋಡಿ, ಆ ‘ಬೋಲ್ಕೆ’ ನಮ್ಮ ‘ಅಂತ’ ಮಾಡುವ ಕೆಲಸವನ್ನೇ ಮಾಡುತ್ತದೆ, ಅದೇ ಜಾಗದಲ್ಲಿ ಕೂತು. ದೆಹಲಿಯ ಕಡೆಯವರು ಇದನ್ನು ಕೇಳಿ ನಗುತ್ತಾರಂತೆ, ನಗಲಿ. ಇಂಗ್ಲಿಷಿನಲ್ಲಿ ‘ಹಿ ಸೆಡ್’ ಮೊದಲೇ ಬಂದುಬಿಡುತ್ತದೆ. ಯಾರು, ಏನು ಮಾಡಿದರು ಎನ್ನುವುದು ಬಾಗಿಲಲ್ಲೇ ಸಿಗಬೇಕು. ಇನ್ನು ‘ಬಸ್ಸು ಹತ್ತಿ, ಮೈಸೂರಿಗೆ ಹೋಗಿ, ಪುಸ್ತಕ ತಂದು, ಬೈಂಡ್ ಹಾಕಿಸಿ, ತಮ್ಮನಿಗೆ ಕೊಟ್ಟೆ’ ಎನ್ನುವುದು ಕನ್ನಡದಲ್ಲಿ ಒಂದೇ ಚಂದದ ವಾಕ್ಯ. ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದರೆ ಸರಪಳಿ ತುಂಡಾಗುತ್ತದೆ. ಎರಡು ಮೂರು ವಾಕ್ಯ ಮಾಡಲೇಬೇಕು. ನನ್ನ ಅರ್ಜಿಯಲ್ಲಿ ಬೇಡಿಕೆ ಹಿಂದಿನ ಪುಟಕ್ಕೆ ಹೋದದ್ದು ಬರೀ ಗೈಡಿನ ತಪ್ಪಲ್ಲ. ಮುಖ್ಯ ಮಾತನ್ನು ಕೊನೆಗೆ ಹೇಳುವುದು ನನ್ನ ಎರಡೂ ಭಾಷೆಗಳ ಅಭ್ಯಾಸ. ಇದನ್ನು ಹತ್ತನೇ ಕ್ಲಾಸಿನವರೆಗೆ ಯಾರೂ ನನಗೆ ಹೇಳಿರಲಿಲ್ಲ. ಟೆನ್ಸ್, ವಾಯ್ಸ್, ಆರ್ಟಿಕಲ್ ಎಲ್ಲ ಆಯಿತು, ಇದು ಆಗಲಿಲ್ಲ.

ಮೂರನೆಯದು ಅದಬ್. ನಮ್ಮಂಥ ಮನೆಗಳಲ್ಲಿ ದೊಡ್ಡವರ ಹತ್ತಿರ ನೇರವಾಗಿ “ಇದು ಬೇಕು” ಅಂದರೆ ಒರಟು ಎನಿಸುತ್ತದೆ. ಸಲಾಂ, ಕ್ಷೇಮ ಸಮಾಚಾರ, ಊಟ ಆಯಿತಾ, ಆಮೇಲೆ ವಿಷಯ. ಇದನ್ನು ಬಿಡಬೇಕು ಎಂದು ನಾನು ಹೇಳಲಾರೆ, ನನಗೇ ಅದು ಇಷ್ಟ. ಆದರೆ ಅದಬ್‌ಗೂ ಉದ್ದಕ್ಕೂ ಗಂಟು ಹಾಕಬೇಕಾಗಿಲ್ಲ. ಇದಕ್ಕೆ ಸಾಕ್ಷಿ ಉರ್ದುವಿನಲ್ಲೇ ಇದೆ. ಮಿರ್ಜಾ ಗಾಲಿಬ್‌ನ ಕಾಲದಲ್ಲಿ ಫಾರಸಿ ಪದ್ಧತಿಯಂತೆ ಪತ್ರದ ಆರಂಭದಲ್ಲಿ ಬಿರುದುಗಳ ಮೆರವಣಿಗೆಯೇ ಇರುತ್ತಿತ್ತು. ಗಾಲಿಬ್ ತನ್ನ ಉರ್ದು ಪತ್ರಗಳಲ್ಲಿ ಅದನ್ನು ಬದಿಗಿಟ್ಟ. ‘ಮಿಯಾಂ’, ‘ಭಾಯಿ’ ಎಂದು ಕರೆದು, ಎದುರಿಗೆ ಕೂತವರ ಜೊತೆ ಮಾತಾಡಿದಂತೆ ಬರೆದ. ಆ ಪತ್ರಗಳ ಸಂಗ್ರಹ ‘ಊದ್-ಎ-ಹಿಂದಿ’ 1868ರಲ್ಲಿ, ಅವನು ತೀರಿಕೊಳ್ಳುವ ಹಿಂದಿನ ವರ್ಷ ಬಂತು. ಶಾಯರಿಯಲ್ಲಿ ಅಷ್ಟು ಕಷ್ಟದ ಮಾತು ಬಲ್ಲವನು ಪತ್ರದಲ್ಲಿ ಸರಳವಾದ. ಇಂದಿಗೂ ಉರ್ದು ಗದ್ಯದ ಪಾಠ ಅಲ್ಲಿಂದ ಶುರುವಾಗುತ್ತದೆ. ಅವನಿಗೆ ಅದಬ್ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ಇನ್ನು ‘ಐ ಬೆಗ್ ಟು ಸ್ಟೇಟ್’ ಎಲ್ಲಿಂದ ಬಂತು? ಅದು ಬ್ರಿಟಿಷರ ಕಚೇರಿ ಭಾಷೆ, ಆಳುವವರ ಮುಂದೆ ಕೈಕಟ್ಟಿ ನಿಲ್ಲುವ ಭಾಷೆ. ತಮಾಷೆ ಏನೆಂದರೆ ಅವರೇ ಅದನ್ನು ಬಿಟ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹಣಕಾಸು ಇಲಾಖೆ ಸರ್ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯ ಕೈಯಲ್ಲಿ ಸರ್ಕಾರಿ ನೌಕರರಿಗಾಗಿ ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕ ಬರೆಸಿತು. ಅದು 1948ರಲ್ಲಿ ಬಂತು. ಓದುವವನಿಗೆ ಒಂದೇ ಸಲಕ್ಕೆ ಅರ್ಥವಾಗುವಂತೆ ಬರೆಯುವುದು ಹೇಗೆ ಎಂದು ಅಲ್ಲಿನ ಗುಮಾಸ್ತರು ಕಲಿಯತೊಡಗಿದರು. ನಾವು 1947ರಲ್ಲಿ ಸ್ವತಂತ್ರರಾದೆವು, ಅರ್ಜಿ ಮಾತ್ರ ಇನ್ನೂ ಬೆಗ್ ಮಾಡುತ್ತಿದೆ.

ನಮ್ಮ ಜಿಲ್ಲೆಯಲ್ಲೇ ಬೇರೆ ಉದಾಹರಣೆ ಇದೆ. ಆರ್.ಕೆ. ನಾರಾಯಣ್ ಕಾಲೇಜು ಸೇರುವ ಮುಂಚಿನ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಮನೆಯಲ್ಲಿ ಕೂತವರು. ಅವರ ತಂದೆ ಹೆಡ್ಮಾಸ್ಟರು ಬೇರೆ. ಮುಂದೆ ಮೈಸೂರಿನಲ್ಲಿ ಕೂತು ಅವರು ಬರೆದ ಇಂಗ್ಲಿಷನ್ನು ಜಗತ್ತೇ ಓದಿತು. ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ 1935ರಲ್ಲಿ ಬಂದದ್ದು. ಅದನ್ನು ನಾನು ಡಿಕ್ಷನರಿ ಹೆಚ್ಚು ಮುಟ್ಟದೆ ಓದಿದೆ. ಒಳ್ಳೆಯ ಇಂಗ್ಲಿಷ್ ಅಂದರೆ ಅರ್ಥವಾಗದ ಇಂಗ್ಲಿಷ್ ಎಂದುಕೊಂಡಿದ್ದ ನನಗೆ ಮೊದಲು ಅನುಮಾನವೇ ಬಂತು, ಇದು ಮಕ್ಕಳ ಪುಸ್ತಕ ಇರಬೇಕು ಅಂತ.

ಕಾಮರ್ಸಿನವರಾದ ನಮಗಂತೂ ಇದು ಹೊಸದಾಗಬಾರದು. ಜರ್ನಲ್ ಎಂಟ್ರಿಯ ಕೆಳಗೆ ನರೇಷನ್ ಬರೆಯುತ್ತೇವಲ್ಲ, ‘ಬೀಯಿಂಗ್ ರೆಂಟ್ ಪೇಯ್ಡ್’ ಎಂದು. ಮೂರೇ ಪದ. ಅಲ್ಲಿ ಯಾರಾದರೂ ‘ವಿತ್ ಡ್ಯೂ ರೆಸ್ಪೆಕ್ಟ್’ ಸೇರಿಸುತ್ತಾರೆಯೇ? ಹೊಗೆಸೊಪ್ಪಿನ ಹರಾಜಿಗೆ ಬರುವ ಬೇಲಿನ ಚೀಟಿಯಲ್ಲಿ ನಂಬರು, ತೂಕ, ಗ್ರೇಡು ಇಷ್ಟೇ. ಬೆಳೆಗಾರರ ವರ್ಷದ ದುಡಿಮೆ ಅಷ್ಟರಲ್ಲಿ ನಿಂತಿದೆ. ನಮ್ಮ ಸೆಕೆಂಡ್ ಪಿಯುಸಿ ಬಿಸಿನೆಸ್ ಸ್ಟಡೀಸ್ ಪುಸ್ತಕದ ‘ಡೈರೆಕ್ಟಿಂಗ್’ ಪಾಠದಲ್ಲಿ ಸಂವಹನಕ್ಕೆ ಬರುವ ಅಡ್ಡಿಗಳ ಪಟ್ಟಿ ಇದೆ. ಸರಿಯಾಗಿ ಹೇಳದ ಸಂದೇಶ, ತಪ್ಪು ಅನುವಾದ, ಕೇಳುವವನಿಗೆ ಗೊತ್ತಿಲ್ಲದ ತಾಂತ್ರಿಕ ಪದ. ನಾವು ಆ ಪಟ್ಟಿಯನ್ನೂ ಅರ್ಥ ಮಾಡಿಕೊಳ್ಳದೆ ಬಾಯಿಪಾಠ ಮಾಡಿ, ಉದ್ದವಾಗಿ ಬರೆದು, ಮಾರ್ಕ್ಸ್ ತೆಗೆದುಕೊಳ್ಳುತ್ತೇವೆ.

ಮಾರ್ಕ್ಸಿನ ಮಾತು ಬಂತು. ಕೆ.ಆರ್. ನಗರದ ಕಡೆಯಿಂದ ಬರುವ ನನ್ನ ಕ್ಲಾಸ್‌ಮೇಟ್ ಒಬ್ಬ ಈ ಲೇಖನದ ವಿಷಯ ಕೇಳಿ, “ಚಿಕ್ಕದಾಗಿ ಬರೆದ್ರೆ ಮಾರ್ಕ್ಸ್ ಯಾರು ನಿಮ್ಮಪ್ಪ ಕೊಡ್ತಾರಾ?” ಅಂದ. ತಮಾಷೆಗೆ ಅಂದರೂ ಅವನ ಮಾತಿನಲ್ಲಿ ಸತ್ಯವಿದೆ. ಪುಟ ಎಣಿಸಿ ಮಾರ್ಕ್ಸ್ ಹಾಕುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯನ್ನೇ ನೋಡಿ, 4 ಅಂಕದ ಉತ್ತರಕ್ಕೆ 80ರಿಂದ 100 ಪದ ಎಂದು ಅಲ್ಲೇ ಬರೆದಿರುತ್ತಾರೆ. ಆ ಸಾಲನ್ನು ನಾವು ಕನಿಷ್ಠ ಎಂದು ಓದುತ್ತೇವೆ. ಅದು ಮಿತಿ. ಸಪ್ಲಿಮೆಂಟ್ ಎಷ್ಟು ತಗೊಂಡೆ ಎಂದು ಪರೀಕ್ಷೆ ಮುಗಿದ ಮೇಲೆ ಗೇಟಿನ ಹತ್ತಿರ ಕೇಳುವುದನ್ನು ನಾವೇ ಮೊದಲು ನಿಲ್ಲಿಸಬಹುದು.

ಈ ವರ್ಷ ನಮ್ಮ ಮೇಡಂ ಒಂದು ಪೀರಿಯಡ್‌ನಲ್ಲಿ ಮಾಡಿಸಿದ ಅಭ್ಯಾಸವನ್ನು ಹೇಳುತ್ತೇನೆ. ನನ್ನ ಆ ಅರ್ಜಿಯ ಝೆರಾಕ್ಸ್ ಇನ್ನೂ ಇತ್ತು, ಅದನ್ನೇ ಕೊಟ್ಟೆ. ಹೆಸರು ಮುಚ್ಚಿ ಬೋರ್ಡಿನ ಮೇಲೆ ಬರೆಸಿದರು. ಬೋರ್ಡು ಸಾಲಲಿಲ್ಲ. ಮೊದಲು, “ಇದನ್ನು ನಿಮ್ಮ ಮನೆ ಭಾಷೆಯಲ್ಲಿ ಒಂದೇ ಮಾತಿನಲ್ಲಿ ಹೇಳಿ” ಅಂದರು. ಕನ್ನಡದವರು “ಹೆಸರು ತಪ್ಪಾಗಿದೆ, ಮೂವತ್ತರೊಳಗೆ ಸರಿ ಮಾಡಿಕೊಡಿ” ಅಂದರು. ನಾವು ಉರ್ದುವಿನಲ್ಲಿ ಅದನ್ನೇ ಹೇಳಿದೆವು. ಆಮೇಲೆ ಬೋರ್ಡಿನ ಮೇಲಿನ ಒಂದೊಂದು ವಾಕ್ಯಕ್ಕೂ ಕೇಳಿದರು, ಇದು ಹೋದರೆ ಆಫೀಸಿನವರಿಗೆ ಏನು ನಷ್ಟ? ನಷ್ಟ ಇಲ್ಲದ್ದನ್ನು ಅಳಿಸಿದರು. ವಿದ್ಯೆ ಬಾಳಿನ ಬೆಳಕು ಹೋಯಿತು. ಮೂವರು ಮಕ್ಕಳು ಹೋದರು. ಕೊನೆಗೆ ಉಳಿದದ್ದು ಇಷ್ಟು: ‘ಮೈ ನೇಮ್ ಈಸ್ ಸ್ಪೆಲ್ಟ್ ರಾಂಗ್ಲಿ ಇನ್ ಯುವರ್ ರೆಕಾರ್ಡ್. ಪ್ಲೀಸ್ ಕರೆಕ್ಟ್ ಇಟ್ ಆ್ಯಸ್ ಇನ್ ಮೈ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್. ಐ ನೀಡ್ ಇಟ್ ಬಿಫೋರ್ ದ 30ತ್ ಫಾರ್ ಮೈ ಸ್ಕಾಲರ್‌ಶಿಪ್.’ ದಿನಾಂಕವನ್ನು ಅಳಿಸಲಿಲ್ಲ, ಹೊಸದಾಗಿ ಸೇರಿಸಿದ್ದು. ಅದು ಮೊದಲು ಇರಲೇ ಇಲ್ಲವಲ್ಲ. ಚಿಕ್ಕದು ಮಾಡುವುದೆಂದರೆ ಬರೀ ಅಳಿಸುವುದು ಎಂದುಕೊಂಡಿದ್ದ ನನಗೆ ಇದು ಹೊಸ ವಿಷಯ. ‘ಸರ್ ಟುಡೇ ಆ್ಯಬ್ಸ್’ ಎಂದು ಮೆಸೇಜ್ ಹಾಕುವ ನಮ್ಮ ಎಚ್.ಡಿ. ಕೋಟೆ ಬಸ್ಸಿನ ಗ್ಯಾಂಗ್‌ನವರೂ ಇದನ್ನು ಗಮನಿಸಬೇಕು. ಅದು ಚಿಕ್ಕದು, ಸ್ಪಷ್ಟವಲ್ಲ. ಯಾರು, ಯಾಕೆ, ಎಷ್ಟು ದಿನ?

ಮೇಡಂ ಹೇಳಿದ ಇನ್ನೊಂದು ಉಪಾಯ, ಬರೆದದ್ದನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ. ಅವರು “ಅಂದ್ರೆ?” ಎಂದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ನಾನು ಆಪಾಳಿಗೆ ಓದಿದಾಗ ಅವಳು ಒಮ್ಮೆಯೂ “ಅಂದ್ರೆ?” ಅನ್ನಲಿಲ್ಲ. ತಂಗಿಯ ಮೇಲಿನ ಪ್ರೀತಿ. ಆದ್ದರಿಂದ ಪ್ರೀತಿ ಇಲ್ಲದವರಿಗೆ ಓದುವುದು ಮೇಲು.

ಒಂದು ಪೀರಿಯಡ್‌ನಲ್ಲಿ ಇಷ್ಟಾದರೆ ವರ್ಷವಿಡೀ ಮಾಡಿದರೆ ಎಷ್ಟಾಗಬಹುದು? ಗ್ರಾಮರ್ ತಪ್ಪಿಗೆ ಕೆಂಪು ಗೆರೆ ಎಳೆಯುವಂತೆ ಬೇಡದ ವಾಕ್ಯಕ್ಕೂ ಎಳೆಯಲಿ. ಚಿಕ್ಕ ತಪ್ಪಿದ್ದರೂ ಸ್ವಂತ ವಾಕ್ಯ ಬರೆದವರಿಗೆ ಗೈಡಿನ ವಾಕ್ಯದವರಿಗಿಂತ ಅರ್ಧ ಮಾರ್ಕಾದರೂ ಹೆಚ್ಚು ಸಿಗಲಿ. ನಮ್ಮ ಗೆಳತಿ ಬ್ಯಾರನ್ ಕೆಲಸ ಇತ್ತು ಎಂದು ತಪ್ಪು ಇಂಗ್ಲಿಷಿನಲ್ಲಾದರೂ ಬರೆಯಲಿ, ಮೇಡಂ ಅದನ್ನು ತಿದ್ದಿಕೊಡಲಿ.

ಈ ವರ್ಷ ಆಪಾಳ ಹೆಸರಿನ ಅರ್ಜಿ ಮತ್ತೆ ಕೊಟ್ಟೆವು. ಈ ಸಲ ಅವಳೇ ಬರೆದಳು, ಐದು ಸಾಲು. ನಾನು ಒಂದು ‘ಕೈಂಡ್ಲಿ’ ಸೇರಿಸೋಣ ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ. ಹತ್ತು ದಿನದಲ್ಲಿ ಹೆಸರು ಸರಿಯಾಯಿತು. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ.

ಕೊನೆಯದಾಗಿ ನಮ್ಮ ಪ್ರಾಂಶುಪಾಲರಿಗೆ ಒಂದು ಅರ್ಜಿ. ಮಾನ್ಯರೇ, ಫಸ್ಟ್ ಮತ್ತು ಸೆಕೆಂಡ್ ಪಿಯುಸಿಯ ಎಲ್ಲ ಸೆಕ್ಷನ್‌ಗಳಿಗೆ ಶನಿವಾರ ಒಂದು ಪೀರಿಯಡ್ ಇಂಗ್ಲಿಷ್ ಬರವಣಿಗೆಗೆ ಕೊಡಿ. ಅದರಲ್ಲಿ ನೋಟ್ಸ್ ಬರೆಸುವುದು ಬೇಡ, ನಾವು ಬರೆದದ್ದನ್ನು ತಿದ್ದಿಸಿ. ಮಿಡ್‌ಟರ್ಮ್ ಪರೀಕ್ಷೆಗೆ ಮುಂಚೆ ಶುರುವಾದರೆ ಅನುಕೂಲ.