ಹೊಲ-ಹಿತ್ತಲು: ಹವೀಜದ ಮೇಲಣ ಬೂದಿ

ಬಡೇಸೋಪು, ಜೀರಿಗೆ, ಅಜವಾನ, ಹವೀಜ ಇವೆಲ್ಲವೂ ಒಂದೇ ಕುಲದ ಸಸ್ಯಗಳು. ಛತ್ರಿಯಂತೆ ಅರಳಿದ ಹೂಗೊಂಚಲೇ ಇವುಗಳ ಕುಲದ ಗುರುತು. ಕುಲವು ಒಂದಾದುದರಿಂದ ಬೇನೆಗಳಲ್ಲಿಯೂ ನಂಟುಂಟು. ಬಡೇಸೋಪನ್ನು ಬಹುವಾಗಿ ಬೆಳೆಯುವ ಗುಜರಾತ, ರಾಜಸ್ಥಾನಗಳಲ್ಲಿ ರಾಮುಲೇರಿಯಾ ಎಂಬ ಶಿಲೀಂಧ್ರವು ಎಲೆ-ಹೂಗಳನ್ನು ಕಂದಿಸಿ ಒಣಗಿಸುವದು. ಸಂಶಿ, ಕುಂದಗೋಳಗಳ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಯ ಹವೀಜವನ್ನು ಬಿತ್ತುವವರು ಅಂಜಬೇಕಾದುದು ಬೂದಿರೋಗಕ್ಕೆ.

ಮೊದಲು ಎಲೆಯ ಮೇಲೆ ಸಣ್ಣ ಸಣ್ಣ ಬಿಳಿಯ ಚುಕ್ಕೆಗಳು ತೋರುವವು. ಬರಬರುತ್ತ ಎಲೆ, ದಂಟು, ಹೂಗಳೆಲ್ಲ ವಿಭೂತಿ ಬಳಿದಂತಾಗುವವು. ಇದು ದಾರಿಯ ಧೂಳಲ್ಲ, ಇಬ್ಬನಿಯ ಕಲೆಯೂ ಅಲ್ಲ. ಬೂಷ್ಟಿನ ಜಾತಿಯ ಶಿಲೀಂಧ್ರವೊಂದು ಎಲೆಯ ಮೇಲೆ ಹಬ್ಬಿ, ಸೂಕ್ಷ್ಮವಾದ ಕೊಳವೆಗಳನ್ನು ಒಳಗಿಳಿಸಿ, ಗಿಡದ ರಸವನ್ನು ಹೀರುತ್ತಿರುವದು. ಅದರ ಬೀಜಕಣಗಳು ಗಾಳಿಯಲ್ಲಿ ಹಾರಿ ನೆರೆಯ ಹೊಲವನ್ನು ಸೇರುವವು. ಹೆಚ್ಚಿನ ಬೂಷ್ಟುಗಳಿಗೆ ತೊಯ್ದ ಎಲೆ ಬೇಕು; ಇದಕ್ಕೆ ಮಳೆಯ ಅವಶ್ಯಕತೆಯಿಲ್ಲ. ಮಳೆಯಿಲ್ಲದ ಮಾಗಿಯ ದಿನಗಳಲ್ಲಿಯೇ ಇದು ಬಲಿಯುವದು ಆದುದರಿಂದಲೇ. ತಡವಾಗಿ ಬಿತ್ತಿದ ಪೈರಿಗೆ ಬಾಧೆಯು ಹೆಚ್ಚು. ಹೂ ಬಿಡುವಾಗ ಬೂದಿಯು ಮುತ್ತಿದರೆ ಕಾಳು ಕಟ್ಟದು, ಕಟ್ಟಿದರೂ ಜೊಳ್ಳಾಗುವದು. ವರುಷದ ಸಾರಿನ ಪುಡಿಯೂ ಪೇಟೆಯ ಹಣವೂ ಒಟ್ಟಿಗೆ ಹೋದಂತೆಯೇ ಸರಿ.

ಮದ್ದು ಹಳೆಯದು. 1845ರಲ್ಲಿ ಇಂಗ್ಲಂಡದ ಮಾರ್ಗೇಟ ಊರಿನ ಟಕ್ಕರ ಎಂಬ ತೋಟಗಾರನು ದ್ರಾಕ್ಷಿಯ ಬಳ್ಳಿಯ ಮೇಲೆ ಇಂಥದೇ ಬೂದಿಯನ್ನು ಕಂಡನು. ಅದು ಫ್ರಾನ್ಸಕ್ಕೂ ಹಬ್ಬಿದಾಗ ಅಲ್ಲಿಯ ತೋಟಗಳನ್ನು ಉಳಿಸಿದ್ದು ಗಂಧಕ. ಇಂದಿಗೂ ಅದೇ ಸಾಕು. ಚುಕ್ಕೆಗಳು ಕಂಡ ಕೂಡಲೆ, ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಮಿನಂತೆ ಕಲಿಸಿ ಸಿಂಪಡಿಸಬೇಕು. ಬಾಧೆಯು ನಿಲ್ಲದಿದ್ದರೆ 10-15 ದಿವಸಗಳ ನಂತರ ಮತ್ತೊಮ್ಮೆ. ಗಂಧಕದ ಹುಡಿಯನ್ನೇ ಧೂಳಿಸುವದಾದರೆ ಎಕರೆಗೆ ಸುಮಾರು 10 ಕಿಲೋ ಹಿಡಿಯುವದು. ಸುಡುಬಿಸಿಲಿನಲ್ಲಿ ಹಾಕಿದರೆ ಗಂಧಕವು ಎಲೆಯನ್ನು ಸುಡುವದು. ಆದುದರಿಂದ ಮುಂಜಾನೆ ಇಲ್ಲವೆ ಸಂಜೆ ತಂಪಿನಲ್ಲಿ ಹಾಕತಕ್ಕದ್ದು. ಕಣ್ಣು ಮೂಗುಗಳಿಗೆ ಬಟ್ಟೆಯ ಮರೆಯಿರಲಿ, ಮಕ್ಕಳು ದೂರವಿರಲಿ.

ಗೃಹಿಣಿಯರು ಒಂದು ಮಾತನ್ನು ಮರೆಯಬಾರದು. ಕಾಳಿಗಾಗಿ ಬೆಳೆದು ಮದ್ದು ಹೊಡೆದ ಹೊಲದಿಂದ ಅಡಿಗೆಗೆ ಸೊಪ್ಪನ್ನು ಕೀಳಬಾರದು. ಸೊಪ್ಪಿಗೆಂದು ಹಿತ್ತಲಲ್ಲಿ ಬೇರೆ ಮಡಿಯನ್ನೇ ಮಾಡಿ, ವಿರಳವಾಗಿ ಬಿತ್ತಿ, ಎಳೆಯದಿರುವಾಗಲೇ ಕೊಯ್ದುಕೊಳ್ಳುವದು ಲೇಸು. ಬೂದಿ ಹಿಡಿದ ಗಿಡವೊಂದು ಅಲ್ಲಿ ಕಂಡರೆ ಕಿತ್ತು ಸುಟ್ಟುಬಿಡಿರಿ. ಒಂದು ಗಿಡದ ಮೇಲಣ ಮಮತೆಯಿಂದ ಇಡಿಯ ಮಡಿಯು ಹಾಳಾಗಬಾರದು.