ಪಡಸಾಲೆಯ ಪ್ರಚಾರಕ್ಕೆ ಹತ್ತು ರೂಪಾಯಿಯ ಮಿತಿ

ತಾನು ಮೆಚ್ಚಿದ ಅಭ್ಯರ್ಥಿಗಾಗಿ ನೆರೆಹೊರೆಯ ಇಪ್ಪತ್ತು ಮಂದಿಯನ್ನು ಮನೆಗೆ ಕರೆದು, ಪಡಸಾಲೆಯಲ್ಲಿ ಜಮಖಾನೆ ಹಾಸಿ, ಚಹಾ-ಚುರುಮುರಿ ಕೊಟ್ಟು, ಒಂದು ತಾಸು ಮಾತುಕತೆ ನಡೆಸಲು ಎಷ್ಟು ಖರ್ಚಾದೀತು? ಜಮಖಂಡಿಯಲ್ಲಾಗಲಿ ಮುಧೋಳದಲ್ಲಾಗಲಿ ಕೆಲವು ನೂರು ರೂಪಾಯಿ. ಆದರೆ ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದಿದ್ದರೆ ಇಷ್ಟೂ ಚುನಾವಣಾ ಅಪರಾಧವೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನಂತೆ ಇದಕ್ಕೆ ಹತ್ತು ಸಾವಿರ ರೂಪಾಯಿವರೆಗೆ ದಂಡವುಂಟು. ಒಂದು ವಿನಾಯಿತಿಯನ್ನೂ ಕಾನೂನು ಕರುಣಿಸಿದೆ: ಖರ್ಚು ಹತ್ತು ರೂಪಾಯಿ ಮೀರದಿದ್ದರೆ, ಹತ್ತು ದಿನಗಳೊಳಗೆ ಅಭ್ಯರ್ಥಿಯ ಒಪ್ಪಿಗೆಪತ್ರ ತಂದರಾಯಿತು.

ಈ ಹತ್ತು ರೂಪಾಯಿ 1920ರದು. ದಂಡ ಸಂಹಿತೆಗೆ ಚುನಾವಣಾ ಅಪರಾಧಗಳ ಅಧ್ಯಾಯವನ್ನು ಬ್ರಿಟಿಷರು ಸೇರಿಸಿದಾಗ ಗೊತ್ತುಪಡಿಸಿದ ಮೊತ್ತ. ಹೊಸ ಸಂಹಿತೆ ಬರೆದವರು ದಂಡವನ್ನು 500 ರೂಪಾಯಿಯಿಂದ ಇಪ್ಪತ್ತು ಪಟ್ಟು ಏರಿಸಿದರು. ವಿನಾಯಿತಿಯ ಮಿತಿಯನ್ನು ಮಾತ್ರ ಮುಟ್ಟಲಿಲ್ಲ. ಇತ್ತ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2022ರಲ್ಲಿ 28 ಲಕ್ಷದಿಂದ 40 ಲಕ್ಷಕ್ಕೇರಿತು. ರಾಜಕೀಯ ಪಕ್ಷದ ವೆಚ್ಚಕ್ಕಂತೂ ಮಿತಿಯೇ ಇಲ್ಲ. ಸೇವೆಯಲ್ಲಿದ್ದಾಗ ಚುನಾವಣಾ ಲೆಕ್ಕಪತ್ರಗಳನ್ನು ನೋಡಿದವನು ನಾನು. ಕುರ್ಚಿ, ಶಾಮಿಯಾನ, ಚಹಾದ ದರಗಳೆಲ್ಲ ಅಲ್ಲಿ ಅಚ್ಚುಕಟ್ಟಾಗಿರುತ್ತಿದ್ದವು. ರಾತ್ರಿ ಹೊತ್ತು ಕೈಬದಲಾಗುವ ಹಣಕ್ಕೆ ಮಾತ್ರ ಕಾಲಂ ಇರುತ್ತಿರಲಿಲ್ಲ.

ಮನೆಯ ಸಭೆಗೆ ಇಷ್ಟೇಕೆ ಮಹತ್ವ ಎಂದು ಓದುಗರು ಕೇಳಬಹುದು. ಮನೆಮನೆ ಪ್ರಚಾರದಲ್ಲಿ ಅಭ್ಯರ್ಥಿ ಹೊಸ್ತಿಲಲ್ಲಿ ಅರ್ಧ ನಿಮಿಷ ಕೈಮುಗಿದು ಮುಂದೆ ಸಾಗುತ್ತಾರೆ. ಬಹಿರಂಗ ಸಭೆಯಲ್ಲಿ ಮತದಾರ ಕೇಳುಗ ಮಾತ್ರ. ಪಡಸಾಲೆಯಲ್ಲಿ ಕುಳಿತರೆ ಅಭ್ಯರ್ಥಿ ಉತ್ತರಿಸಲೇಬೇಕಾಗುತ್ತದೆ. ರಬಕವಿ-ಬನಹಟ್ಟಿಯ ನೇಕಾರ ಮಗ್ಗದ ವಿದ್ಯುತ್ ದರವನ್ನು ಕೇಳುತ್ತಾನೆ. ಮುಧೋಳದ ರೈತ ಕಬ್ಬಿನ ಬಾಕಿಯನ್ನು. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೇರಿದರೆ ಜಮೀನು ಕಳೆದುಕೊಳ್ಳಲಿರುವ ಬೀಳಗಿಯ ಕುಟುಂಬ ಕೇಳುವ ಪ್ರಶ್ನೆ ಇನ್ನೂ ಹರಿತವಾದುದು. ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಪರಿಹಾರವೆಂದು ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಆ ಹಣ ಯಾವ ವರ್ಷ, ಎಷ್ಟು ಕಂತುಗಳಲ್ಲಿ ಕೈಸೇರುತ್ತದೆ ಎಂಬುದು ಧ್ವನಿವರ್ಧಕದ ಮುಂದೆ ಚರ್ಚೆಯಾಗುವ ಸಂಗತಿಯಲ್ಲ.

ಜನರೇ ಒಟ್ಟುಗೂಡಿ ಸಾರ್ವಜನಿಕ ಕೆಲಸಕ್ಕೆ ಕೈಹಾಕುವುದು ಈ ನೆಲಕ್ಕೆ ಹೊಸದೇನಲ್ಲ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ವಂತಿಗೆ ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದರ ಮುಂದಾಳು ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನು ಸೋಲಿಸಿದರು. ನೀರಿಗೆ ವಂತಿಗೆ ಹಾಕಿದ ಊರು ರಾಜಕಾರಣಕ್ಕೆ ಹಾಕಲಾರದೇ?

ಹಾಕುವುದಿಲ್ಲ, ಅದಕ್ಕೆ ಕಾನೂನೊಂದೇ ಕಾರಣವೂ ಅಲ್ಲ. ಅರ್ಥಶಾಸ್ತ್ರದ ಹಳೆಯ ಪಾಠವೊಂದಿದೆ: ಫಲ ಊರಿಗೆಲ್ಲ ಹಂಚಿಹೋಗಿ, ಬೆಲೆಯನ್ನು ಒಬ್ಬನೇ ತೆರಬೇಕಾದಾಗ ಯಾರೂ ಮುಂದೆ ಬರುವುದಿಲ್ಲ. ಸಕ್ಕರೆ ಕಾರ್ಖಾನೆ ನಡೆಸುವವರೇ ಚುನಾವಣೆಗೂ ನಿಲ್ಲುವುದು ಇಲ್ಲಿ ಅಪರೂಪವಲ್ಲ. ಕಟಾವಿನ ಸರದಿ ಕಾರ್ಖಾನೆಯ ಕೈಯಲ್ಲಿರುವಾಗ, ಎದುರಾಳಿಗಾಗಿ ಮನೆಯ ಬಾಗಿಲು ತೆರೆಯುವ ರೈತ ಹೊಲದಲ್ಲಿ ಒಣಗುವ ಕಬ್ಬನ್ನು ನೆನೆಯುತ್ತಾನೆ. ಅಂಗಡಿಕಾರನಿಗೆ ಗಿರಾಕಿಯ ಚಿಂತೆ. ಹೀಗಾಗಿ ನಮ್ಮಲ್ಲಿ ನಡೆಯುವ ಮನೆ ಸಭೆಗಳು ಬಹುಮಟ್ಟಿಗೆ ಜಾತಿಯ ಹಿರಿಯರ ಗುಟ್ಟಿನ ಸಭೆಗಳಾಗಿ ಉಳಿದಿವೆ. ಹೆಂಗಸರ ಪಾಲಿಗೆ ಅಲ್ಲಿ ಅಡುಗೆಮನೆಯೇ ಗತಿ, ಅವರೂ ಮತದಾರರೇ ಆದರೂ.

ಇಂಥ ಆತಿಥ್ಯವನ್ನು ಕಾನೂನೇ ಮಾನ್ಯಮಾಡಿರುವ ದೇಶಗಳೂ ಉಂಟು. ಅಮೆರಿಕದ ಫೆಡರಲ್ ಕಾಯಿದೆಯಂತೆ, ವ್ಯಕ್ತಿಯೊಬ್ಬ ತನ್ನ ಮನೆಯಲ್ಲಿ ಅಭ್ಯರ್ಥಿಯೊಬ್ಬನಿಗಾಗಿ ಒಂದು ಚುನಾವಣೆಯಲ್ಲಿ ಆಮಂತ್ರಣ, ತಿಂಡಿ-ಪಾನೀಯಕ್ಕೆಂದು 1,000 ಡಾಲರ್‌ವರೆಗೆ ಮಾಡುವ ಖರ್ಚು ದೇಣಿಗೆಯ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮಲ್ಲಿ ಮಿತಿಯನ್ನು ಎರಡು ಸಾವಿರ ರೂಪಾಯಿಗೇರಿಸಿದರೂ ಸಾಕು. ಒಬ್ಬ ಅಭ್ಯರ್ಥಿ ಸಾವಿರ ಮನೆಗಳ ಹೆಸರಿನಲ್ಲಿ ಇಪ್ಪತ್ತು ಲಕ್ಷ ಹರಿಸಬಹುದಲ್ಲ ಎಂಬ ಆಕ್ಷೇಪ ಬರುತ್ತದೆ, ಸಕಾರಣವಾದುದೇ. ಆತಿಥೇಯನು ಚುನಾವಣಾಧಿಕಾರಿಗೆ ಒಂದು ಪುಟದ ಮಾಹಿತಿ ನೀಡಬೇಕು, ಖರ್ಚು ಅವನ ಸ್ವಂತದ್ದಾಗಿರಬೇಕು, ಒಂದು ಮನೆಯಲ್ಲಿ ಒಬ್ಬ ಅಭ್ಯರ್ಥಿಗೆ ಒಂದೇ ಸಭೆ ಎಂಬ ನಿಬಂಧನೆಗಳಿದ್ದರೆ ಈ ದುರುಪಯೋಗ ಬಹಳಷ್ಟು ತಗ್ಗೀತು. ಮತ ಸೆಳೆಯಲು ಬಾಡೂಟ ಹಾಕಿಸುವವರಿಗೆ ಲಂಚದ ಕಲಮು ಹೇಗೂ ಇದೆ.

ತಿದ್ದುಪಡಿಗೆ ಸಂಸತ್ತೇ ಮನಸ್ಸು ಮಾಡಬೇಕು. ಅಲ್ಲಿಯವರೆಗೆ ಪುರಸಭೆ, ನಗರಸಭೆಗಳ ವಾರ್ಡುಗಳಲ್ಲಿ ಪ್ರಯೋಗ ನಡೆಯಬಹುದು. ಅಭ್ಯರ್ಥಿಯಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆದು, ಖರ್ಚನ್ನು ಆತನ ಲೆಕ್ಕಕ್ಕೆ ಸೇರಿಸಿದರೆ ಈ ಕಲಮು ಅಡ್ಡಬಾರದು. ಬನಹಟ್ಟಿಯ ಒಂದು ವಾರ್ಡನ್ನು ಸುತ್ತಲು ಹತ್ತಾರು ಪಡಸಾಲೆಗಳು ಸಾಕಾಗುತ್ತವೆ. ಅವುಗಳಲ್ಲಿ ಕೆಲವನ್ನಾದರೂ ಬೇರೆ ಬೇರೆ ಓಣಿಯವರು ಕೂಡಿ ಕೂರುವಂತೆ ಆಯ್ದುಕೊಳ್ಳಬೇಕು.